ಪಿಕಪ್‌ನಲ್ಲಿ ಮತ್ತೆ ಮತ್ತೆ ಡಿಪಿಎಫ್ ಲೈಟ್: ಗಾಡಿ ಇಟ್ಟುಕೊಳ್ಳಲಾ, ಮಾರಲಾ?

ನೀರಿನಕ್ಯಾನ್_ಆರ್‌ಟಿನಗರ
ಎಲ್ಲರಿಗೂ ನಮಸ್ಕಾರ. ನಂದು 2023ರ ಡೀಸೆಲ್ ಪಿಕಪ್, ಬಿಎಸ್ 6 (ಹೊಗೆ ನಿಯಮ) ಎರಡನೇ ಹಂತದ್ದು, 1.3 ಟನ್ ಹೊರುವಂಥದ್ದು. ಕಂಪನಿ ಹೆಸರು ಬೇಡ. ಓಡಿರುವುದು 41,000 ಕಿ.ಮೀ. ಥಣಿಸಂದ್ರದ ಹತ್ತಿರ ನೀರು ತುಂಬಿಸಿಕೊಂಡು ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯದ ಮನೆ, ಅಂಗಡಿಗಳಿಗೆ 20 ಲೀಟರ್ ಕ್ಯಾನ್ ಹಾಕುತ್ತೇನೆ. ದಿನಕ್ಕೆ ಮೂರು ಲೋಡ್.

ಎರಡು ತಿಂಗಳಲ್ಲಿ ಮೂರು ಸಲ ಡಿಪಿಎಫ್ ಲೈಟ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಲೈಟ್, ಹತ್ತಿದೆ. ಮೊದಲ ಸಲ ಸರ್ವಿಸ್ ಸೆಂಟರ್‌ನಲ್ಲಿ ಮೆಷಿನ್ ಹಾಕಿ ಒಳಗಿನ ಮಸಿ ಸುಟ್ಟರು, ಲೈಟ್ ಆರಿತು. ಎರಡನೇ ಸಲವೂ ಅದೇ. ಈ ಸಲ ಗಾಡಿ ಎಳೆಯುವುದನ್ನೇ ಬಿಟ್ಟಿದೆ. ಮೂರನೇ ಗೇರ್‌ನಲ್ಲಿ ಎಷ್ಟು ಒತ್ತಿದರೂ ಮೇಲೆ ಹೋಗುವುದಿಲ್ಲ. ಫಿಲ್ಟರ್ ಪೂರ್ತಿ ಬದಲಿಸಬೇಕು ಅಂದರು. ಅವರು ಹೇಳಿದ ರೇಟು ನನಗೆ ನಾಲ್ಕು ತಿಂಗಳ ಕಂತು. ಇನ್ನೂ 22 ಕಂತು ಬಾಕಿ ಇದೆ. ಗಾಡಿ ನಿಂತರೆ ಗಿರಾಕಿಗಳು ಎರಡೇ ದಿನದಲ್ಲಿ ಬೇರೆಯವರ ಹತ್ತಿರ ನೀರು ಹಾಕಿಸಿಕೊಳ್ಳುತ್ತಾರೆ.

ಪಕ್ಕದ ಗ್ಯಾರೇಜಿನವರು "ಡಿಪಿಎಫ್ ಕಟ್ ಮಾಡಿಸಿ ತೆಗೆಸಿಬಿಡಿ, ಅರ್ಧ ದಿನದ ಕೆಲಸ" ಅನ್ನುತ್ತಾರೆ. ಮಾಡಿಸಲಾ? ಇಲ್ಲ, ಮಾರಿ ಸಿಎನ್‌ಜಿ ತಗೊಳ್ಳಲಾ? ಇದೇ ತೊಂದರೆ ಅನುಭವಿಸಿದವರು ಹೇಳಿ.

ಮಂಡಿಲೋಡ್_ಯಶವಂತಪುರ
ಮೊದಲು ಆಯಿಲ್ ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದೆಯಾ?

ನೀರಿನಕ್ಯಾನ್_ಆರ್‌ಟಿನಗರ
ಈಗ ನೋಡಿದೆ ಅಣ್ಣ. ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ. ನಾನು ಒಂದು ಹನಿಯೂ ಹಾಕಿಲ್ಲ. ಒಳ್ಳೆಯದೋ ಕೆಟ್ಟದ್ದೋ?

ಮಂಡಿಲೋಡ್_ಯಶವಂತಪುರ
ಕೆಟ್ಟದ್ದು. ಡೀಸೆಲ್ ಸೇರಿದೆ. ಮೆಕ್ಯಾನಿಕ್ ಗೆಳೆಯರು ಬರಲಿ, ಅವರೇ ಬಿಡಿಸಿ ಹೇಳುತ್ತಾರೆ.

ಹಳೇಗಾಡಿ_2008
ಕಟ್ ಮಾಡಿಸಿ ನೆಮ್ಮದಿಯಾಗಿರಿ. ನನ್ನ ಹಳೆಯ ಎರಡು ಸಿಲಿಂಡರ್ ಗಾಡಿ 15 ವರ್ಷ ದುಡಿಯಿತು. ಡಿಪಿಎಫ್ ಇಲ್ಲ, ಸೆನ್ಸಾರ್ ಇಲ್ಲ. ಸ್ಪ್ಯಾನರ್ ಒಂದಿದ್ದರೆ ಸಾಕಿತ್ತು. ಹೊಸ ಗಾಡಿಗಳು ಶೋರೂಂನವರ ಹೊಟ್ಟೆ ತುಂಬಿಸುವುದಕ್ಕೆ ಇರುವುದು.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ಕಟ್ ಮಾಡಿಸಬೇಡಿ. ಏನಾಗುತ್ತಿದೆ ಅಂತ ಮೊದಲು ತಿಳ್ಕೊಳ್ಳಿ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಡೀಸೆಲ್ ಉರಿದಾಗ ಮಸಿ ಬರುತ್ತದೆ. ಸೌದೆ ಒಲೆ ಮೇಲಿಟ್ಟ ಪಾತ್ರೆಯ ತಳದಲ್ಲಿ ಹಿಡಿಯುತ್ತದಲ್ಲ, ಅದೇ ಮಸಿ. ಮೊದಲು ಅದು ಸೈಲೆನ್ಸರ್‌ನಿಂದ ಹೊರಗೆ ಹೋಗಿ ಹಿಂದೆ ಬರುವವನ ಮುಖಕ್ಕೆ ಬಡಿಯುತ್ತಿತ್ತು. 2020ರ ಏಪ್ರಿಲ್ 1ಕ್ಕೆ ಬಿಎಸ್ 6 ಬಂದ ಮೇಲೆ ಅದನ್ನು ಹಿಡಿಯುವುದಕ್ಕೆ ಡಿಪಿಎಫ್ ಕೂರಿಸಿದರು. ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಜಾಲರಿ ಅದು. ಮಸಿ ಅಲ್ಲಿ ಕೂರುತ್ತದೆ. ಕೂತದ್ದನ್ನು ಆಗಾಗ ಸುಡಬೇಕು. ಸುಡುವುದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿ ಬರಲಿ ಅಂತ ಗಾಡಿಯ ಕಂಪ್ಯೂಟರ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಡುತ್ತದೆ. ಇದಕ್ಕೇ ರೀಜನರೇಷನ್ ಅನ್ನುವುದು. ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಿದರೆ ಪೂರ್ತಿ ಸುಟ್ಟು ಮುಗಿಯುತ್ತದೆ.

ಈಗ ನಿಮ್ಮ ಲೈನ್ ನೋಡಿ. ಎರಡು ಕ್ಯಾನ್ ಇಳಿಸಿ ಆಫ್, ಮುಂದಿನ ಗಲ್ಲಿಗೆ ಹೋಗಿ ಆಫ್. ಸುಡುವುದು ಶುರುವಾಗಿರುತ್ತದೆ, ಅಷ್ಟರಲ್ಲಿ ನೀವು ಕೀ ತಿರುಗಿಸುತ್ತೀರಿ. ಸುಡದೆ ಉಳಿದ ಆ ಹೆಚ್ಚಿನ ಡೀಸೆಲ್ ಸಿಲಿಂಡರ್ ಗೋಡೆ ಮೇಲಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಒಂದು ಬೆರಳು ಮೇಲೆ ಬಂದಿದೆ ಅಂದಿರಲ್ಲ, ಅದು ಇದೇ. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್, ಟರ್ಬೊ ಎರಡೂ ಹೋಗುತ್ತವೆ. ಫಿಲ್ಟರ್‌ಗಿಂತ ಅದೇ ದೊಡ್ಡ ಖರ್ಚು.

ಎಳೆಯುವುದಿಲ್ಲ ಅಂದಿರಲ್ಲ, ಅದು ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದು. ಹೆದರಬೇಡಿ. ಆದರೆ ಫಿಲ್ಟರ್ ಬದಲಿಸುವ ಮುಂಚೆ ಸ್ಕ್ಯಾನರ್‌ನಲ್ಲಿ ಮಸಿ ಎಷ್ಟು ತೋರಿಸುತ್ತಿದೆ ಅಂತ ಕೇಳಿದಿರಾ?

ನೀರಿನಕ್ಯಾನ್_ಆರ್‌ಟಿನಗರ
ಕೇಳಿಲ್ಲ ಸರ್. ಅವರೂ ಹೇಳಲಿಲ್ಲ. ಬಿಲ್ ಮಾತ್ರ ಕೊಟ್ಟರು.

ಹೂವಿನಗಾಡಿ_ಚಿಕ್ಕಬಳ್ಳಾಪುರ
ನಂದೂ ಅದೇ ಸೈಜಿನ ಡೀಸೆಲ್ ಪಿಕಪ್, 2022ರದ್ದು. ಒಂದು ಲಕ್ಷ ದಾಟಿದೆ. ಡಿಪಿಎಫ್ ಲೈಟ್ ಹೇಗಿರುತ್ತದೆ ಅಂತಲೂ ಗೊತ್ತಿಲ್ಲ. ಯಾಕೆ ಅಂದರೆ ರಾತ್ರಿ ಒಂದೂವರೆಗೆ ಚಿಕ್ಕಬಳ್ಳಾಪುರ ಬಿಟ್ಟರೆ ಹೆಬ್ಬಾಳದವರೆಗೆ ಎಲ್ಲೂ ನಿಲ್ಲಿಸುವುದಿಲ್ಲ. ಸೇವಂತಿಗೆ, ಗುಲಾಬಿ ಕೆ.ಆರ್. ಮಾರ್ಕೆಟ್‌ಗೆ ಬೆಳಗಾಗುವ ಮುಂಚೆ ಇಳಿಯಲೇಬೇಕು. ಸಂಜೆ ಮತ್ತೆ ಅದೇ ಹೈವೇ. ಗಾಡಿ ಒಂದೇ ಥರ, ರೋಡ್ ಬೇರೆ. ಅಷ್ಟೇ ವ್ಯತ್ಯಾಸ.

ಟೊಮೆಟೊ_ಕೋಲಾರ
ನಾನೂ ಇದನ್ನೇ ಹೇಳಬೇಕು ಅಂತಿದ್ದೆ. ಕೋಲಾರದಿಂದ 15 ಕೆ.ಜಿ. ಕ್ರೇಟ್ ತುಂಬಿಸಿ ಬರುತ್ತೇವೆ. ಹೊಸಕೋಟೆವರೆಗೆ ಗಾಡಿ ಹಾಡುತ್ತಾ ಬರುತ್ತದೆ. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಬಂದಮೇಲೆ ಅದೇ ಗಾಡಿ ಡೀಸೆಲ್ ಕುಡಿಯುವುದು ನೋಡಬೇಕು.

ಶಾಮಿಯಾನ_ನಾಗರಬಾವಿ
ಕಟ್ ಮಾಡಿಸಿ ಅಂದ ಹಳೇಗಾಡಿ ಅಣ್ಣನಿಗೆ ಒಂದು ಮಾತು. ನಾನು ಮಾಡಿಸಿದ್ದೆ. ಹೋದ ವರ್ಷ, ಮದುವೆ ಸೀಸನ್ ಮಧ್ಯದಲ್ಲಿ ಗಾಡಿ ನಿಂತಿತು ಅಂತ ಅವಸರದಲ್ಲಿ. ಒಳಗಿನ ಜಾಲರಿ ಒಡೆದು ತೆಗೆದು, ಖಾಲಿ ಡಬ್ಬ ವೆಲ್ಡಿಂಗ್ ಮಾಡಿ, ಸಾಫ್ಟ್‌ವೇರ್ ಬದಲಿಸಿದರು. ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಸಾಫ್ಟ್‌ವೇರ್ ಕೈಕೊಟ್ಟಿತು, ಸ್ಟಾರ್ಟೇ ಆಗಲಿಲ್ಲ. ಶೋರೂಂಗೆ ಎಳೆದುಕೊಂಡು ಹೋದರೆ ವಾರಂಟಿ ಇಲ್ಲ ಅಂದರು. ಹೊಸ ಡಿಪಿಎಫ್, ಹಳೆ ಸಾಫ್ಟ್‌ವೇರ್ ಎರಡಕ್ಕೂ ಕೈಯಿಂದ ಕೊಟ್ಟೆ.

ದುಡ್ಡು ಬಿಡಿ. ಒಂದು ದಿನ ಸರ್ಕಾರಿ ಶಾಲೆ ಮುಂದೆ ಕುರ್ಚಿ ಇಳಿಸುವುದಕ್ಕೆ ರಿವರ್ಸ್ ತೆಗೆದೆ. ಹೊಗೆ ನೇರವಾಗಿ ಗೇಟ್ ಹತ್ತಿರ ನಿಂತಿದ್ದ ಮಕ್ಕಳ ಮೇಲೆ ಹೋಯಿತು. ಒಂದು ಹುಡುಗಿ ಲಂಗದಿಂದ ಮೂಗು ಮುಚ್ಚಿಕೊಂಡಳು. ನನ್ನ ಮಗಳೂ ಅದೇ ವಯಸ್ಸಿನವಳು. ಅವತ್ತೇ ತೀರ್ಮಾನ ಮಾಡಿದೆ.

ಹಳೇಗಾಡಿ_2008
ಬಿಎಂಟಿಸಿ ಬಸ್ಸು, ಟಿಪ್ಪರ್‌ಗಳು ಬಿಡುವ ಹೊಗೆ ಮುಂದೆ ನಮ್ಮದು ಎಷ್ಟು? ಬಡ ಓನರ್ ಮೇಲೇ ಎಲ್ಲ ಕಾನೂನು.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ಅಣ್ಣ, ನಿಮ್ಮ ಸಿಟ್ಟು ನನಗೂ ಅರ್ಥ ಆಗುತ್ತದೆ. ಫಿಲ್ಟರ್ ರೇಟು ಜಾಸ್ತಿಯೇ. ಆದರೆ ಕಂಪನಿ ಕೊಟ್ಟ ಗಾಡಿಯನ್ನು ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ನಾಳೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ, ಆಕ್ಸಿಡೆಂಟ್ ಆಗಿ ಇನ್ಶೂರೆನ್ಸ್ ಕೇಳಿದಾಗ ತಲೆನೋವು. ನನ್ನ ಗ್ಯಾರೇಜಿಗೂ ವಾರಕ್ಕೆ ಇಬ್ಬರು ಇದನ್ನೇ ಕೇಳಿಕೊಂಡು ಬರುತ್ತಾರೆ. ನಾನು ಮಾಡುವುದಿಲ್ಲ.

ಸೆಕೆಂಡ್‌ಹ್ಯಾಂಡ್_ಲಗ್ಗೆರೆ
ಸೆಕೆಂಡ್ ಹ್ಯಾಂಡ್ ಬಿಎಸ್ 6 ಪಿಕಪ್ ನೋಡುತ್ತಿರುವವರಿಗೆ ಒಂದು ಉಪಾಯ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಯಿಯೊಳಗೆ ಬೆರಳು ಹಾಕಿ ಉಜ್ಜಿ. ಡಿಪಿಎಫ್ ಸರಿ ಇದ್ದರೆ ಬೆರಳಿಗೆ ಬೂದುಬಣ್ಣದ ಧೂಳು ಬರಬಹುದು, ಅಷ್ಟೇ. ಕಾಡಿಗೆ ಹಚ್ಚಿದ ಹಾಗೆ ಕಪ್ಪಗಾದರೆ ಒಳಗಿನ ಜಾಲರಿ ಒಡೆದಿದೆ, ಇಲ್ಲವೇ ತೆಗೆದಿದ್ದಾರೆ. ಹೋದ ತಿಂಗಳು ಐದು ಗಾಡಿ ನೋಡಿದೆ, ಎರಡರಲ್ಲಿ ಬೆರಳು ಕಪ್ಪಾಯಿತು. ಪೇಂಟ್, ಸೀಟ್ ಕವರ್ ಎಲ್ಲ ಮಿರಮಿರ ಮಿಂಚುತ್ತಿತ್ತು.

ಹೂವಿನಗಾಡಿ_ಚಿಕ್ಕಬಳ್ಳಾಪುರ
ಇದು ಒಳ್ಳೆಯ ಮಾತು. ನನ್ನ ತಮ್ಮ ಗಾಡಿ ಹುಡುಕುತ್ತಿದ್ದಾನೆ, ಅವನಿಗೆ ಹೇಳುತ್ತೇನೆ.

ಇಟ್ಟಿಗೆ_ಮಾಲೂರು
ಯೂರಿಯಾ ನೀರು ಹಾಕಿದ್ದೀರಾ? ಅದು ಖಾಲಿಯಾದರೂ ಗಾಡಿ ಎಳೆಯುವುದಿಲ್ಲ. ನಮ್ಮೂರಲ್ಲಿ ಗೊಬ್ಬರದ ಯೂರಿಯಾನೇ ನೀರಲ್ಲಿ ಕರಗಿಸಿ ಹಾಕುತ್ತಾರೆ. ಒಂದು ಬಕೆಟ್‌ಗೆ ಎಷ್ಟು ಅಂತ ಬೇಕಾದರೆ ಹೇಳುತ್ತೇನೆ.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎರಡು ವಿಷಯ ಇದೆ. ಯೂರಿಯಾ ಅಂದರೆ ಡಿಇಎಫ್, ಅದು ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಅನ್ನುವ ಕೆಟ್ಟ ಅನಿಲ ಕಮ್ಮಿ ಮಾಡುವುದಕ್ಕೆ. ಡಿಪಿಎಫ್ ಮಸಿ ಹಿಡಿಯುವುದಕ್ಕೆ. ಬೇರೆ ಬೇರೆ ಡಬ್ಬ, ಬೇರೆ ಬೇರೆ ಕೆಲಸ. ಎಲ್ಲ ಪಿಕಪ್‌ಗೂ ಯೂರಿಯಾ ಟ್ಯಾಂಕ್ ಇರುವುದಿಲ್ಲ. ನೀಲಿ ಮುಚ್ಚಳ ಇದ್ದರೆ ಇದೆ ಅಂತ ತಿಳ್ಕೊಳ್ಳಿ.

ಇನ್ನೊಂದು, ಡಿಇಎಫ್‌ನಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಪೂರ್ತಿ ಶುದ್ಧ ಮಾಡಿದ ನೀರು. ಗೊಬ್ಬರದ ಯೂರಿಯಾಗೆ ಬೇರೆ ಪದಾರ್ಥ ಸೇರಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣ ಇರುತ್ತದೆ. ಇಂಜೆಕ್ಟರ್ ಬಾಯಲ್ಲಿ ಉಪ್ಪಿನ ಹರಳಿನ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ನಾನೇ ಸ್ಕ್ರೂ ಡ್ರೈವರ್‌ನಲ್ಲಿ ಕೆರೆದು ತೆಗೆದಿದ್ದೇನೆ. ಹತ್ತು ಲೀಟರ್ ಕ್ಯಾನ್‌ನಲ್ಲಿ ಉಳಿಸಿದ ದುಡ್ಡು ಹತ್ತರಷ್ಟಾಗಿ ಹೋಗುತ್ತದೆ.

ಇಟ್ಟಿಗೆ_ಮಾಲೂರು
ಸರಿ ಸರ್, ಗೊತ್ತಿರಲಿಲ್ಲ. ನಮ್ಮ ಹುಡುಗರಿಗೂ ಹೇಳುತ್ತೇನೆ.

ಲೆಕ್ಕ_ಜಯನಗರ
ನೀರಿನ ಕ್ಯಾನ್ ಅವರೇ, ಒಂದು ಲೋಡ್‌ಗೆ ಎಷ್ಟು ಕ್ಯಾನ್ ಹಾಕುತ್ತೀರಿ?

ನೀರಿನಕ್ಯಾನ್_ಆರ್‌ಟಿನಗರ
80. ಭಾನುವಾರ 90.

ಲೆಕ್ಕ_ಜಯನಗರ
20 ಲೀಟರ್ ನೀರು ಅಂದರೆ 20 ಕೆ.ಜಿ. ಖಾಲಿ ಕ್ಯಾನ್ ತೂಕ ಬಿಟ್ಟರೂ 80ಕ್ಕೆ 1,600 ಕೆ.ಜಿ. ಭಾನುವಾರ 1,800. ನಿಮ್ಮ ಗಾಡಿ 1.3 ಟನ್ ಅಂದಿರಲ್ಲ. ಪ್ರತಿ ಲೋಡ್‌ಗೂ 300 ಕೆ.ಜಿ. ಜಾಸ್ತಿ ಹೊರಿಸುತ್ತಿದ್ದೀರಿ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ ಇದೆ, ಅದರ ಮೇಲೆ ಪ್ರತಿ ಹೆಚ್ಚಿನ ಟನ್‌ಗೆ 2,000. ದಂಡಕ್ಕಿಂತ ಮುಖ್ಯ, ಜಾಸ್ತಿ ಭಾರ ಹೊತ್ತು ಕಮ್ಮಿ ಸ್ಪೀಡಲ್ಲಿ ಎಳೆದರೆ ಮಸಿಯೂ ಜಾಸ್ತಿ ಅಲ್ವಾ?

ನೀರಿನಕ್ಯಾನ್_ಆರ್‌ಟಿನಗರ
ಈ ಲೆಕ್ಕ ನಾನು ಯಾವತ್ತೂ ಹಾಕಿರಲಿಲ್ಲ. ಕ್ಯಾನ್ ಎಣಿಸುತ್ತೇನೆ, ಕೆ.ಜಿ. ಎಣಿಸಿಲ್ಲ. ಡಾಲಾ (ಹಿಂದಿನ ತೊಟ್ಟಿ) ತುಂಬಾ ಹಿಡಿಯುತ್ತದೆ ಅಂತ ಹಾಕುತ್ತಿದ್ದೆ.

ಮಂಡಿಲೋಡ್_ಯಶವಂತಪುರ
ಎಲ್ಲರೂ ಹಾಗೇ ಮಾಡುವುದು. ಈರುಳ್ಳಿ ಚೀಲ 50 ಕೆ.ಜಿ. ಅಂತ ಹೇಳುತ್ತಾರೆ, ತೂಕಕ್ಕೆ ಹಾಕಿದರೆ 54 ಬರುತ್ತದೆ. ಮೂವತ್ತು ಚೀಲಕ್ಕೆ ಎಷ್ಟಾಯಿತು ನೋಡಿ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಮುರಿದಾಗಲೇ ನಮಗೆ ಬುದ್ಧಿ ಬಂದದ್ದು.

ಸಿಎನ್‌ಜಿ_ಬೊಮ್ಮನಹಳ್ಳಿ
ಸಿಎನ್‌ಜಿ ಕೇಳಿದ್ದಕ್ಕೆ ಹೇಳುತ್ತೇನೆ. ನಂದು ಸಣ್ಣ ಗಾಡಿ, ಪೆಟ್ರೋಲ್ ಎಂಜಿನ್ ಮೇಲೆ ಸಿಎನ್‌ಜಿ. ಮೂರು ವರ್ಷ ಆಯಿತು. ದಿನಸಿ ಅಂಗಡಿಗಳಿಗೆ ಬಿಸ್ಕತ್ತು, ಸೋಪು ಹಾಕುತ್ತೇನೆ. ನಿಲ್ಲಿಸಿ ಹೊರಡುವ ಕೆಲಸಕ್ಕೆ ಇದೇ ಸರಿ. ಡಿಪಿಎಫ್ ಗೋಳಿಲ್ಲ, ಯೂರಿಯಾ ಗೋಳಿಲ್ಲ, ಎಂಜಿನ್ ಸದ್ದೂ ಕಮ್ಮಿ.

ಕಷ್ಟ ಎಲ್ಲಿ ಅಂದರೆ, ಭಾರ ಹೊತ್ತು ಏರು ಹತ್ತುವಾಗ. ಡೀಸೆಲ್‌ನ ಎಳೆತ ಇದಕ್ಕಿಲ್ಲ. ಫ್ಲೈಓವರ್ ಬುಡದಲ್ಲಿ ಸಿಗ್ನಲ್ ಬಿದ್ದರೆ ಮೊದಲ ಗೇರ್‌ನಲ್ಲೇ ಮೇಲಿನವರೆಗೆ. ಬಂಕ್‌ನಲ್ಲಿ ಪ್ರೆಷರ್ ಕಮ್ಮಿ ಇದ್ದರೆ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಬೆಳಗ್ಗೆ ಆಟೊಗಳ ಸಾಲು ಇರುತ್ತದೆ. ನಾನು ರಾತ್ರಿ ಹತ್ತರ ಮೇಲೆ ಹಾಕಿಸುತ್ತೇನೆ. ಮೂರು ವರ್ಷಕ್ಕೊಂದು ಸಲ ಸಿಲಿಂಡರ್ ಹೈಡ್ರೊ ಟೆಸ್ಟ್ (ನೀರಿನ ಒತ್ತಡ ಹಾಕಿ ನೋಡುವ ಪರೀಕ್ಷೆ) ಮಾಡಿಸಲೇಬೇಕು. ಬಹಳ ಜನ ಮರೆಯುತ್ತಾರೆ.

80 ಕ್ಯಾನ್ ನನ್ನ ಗಾಡಿಗೆ ಆಗುವುದಿಲ್ಲ. 35 ಹಾಕಿ ಮೂರು ಟ್ರಿಪ್ ಮಾಡಬೇಕಾಗುತ್ತದೆ. ಅದನ್ನೂ ಲೆಕ್ಕ ಹಾಕಿ ತಗೊಳ್ಳಿ.

ಬೇಕರಿ_ಬಸವೇಶ್ವರನಗರ
ನಾನು ಎಲೆಕ್ಟ್ರಿಕ್ ತಗೊಂಡಿದ್ದೇನೆ. ನಮ್ಮ ಬೇಕರಿಯಿಂದ ರಾಜಾಜಿನಗರ, ವಿಜಯನಗರ, ಮಲ್ಲೇಶ್ವರದ ಅಂಗಡಿಗಳಿಗೆ ಬನ್ನು, ಬ್ರೆಡ್ಡು ಹೋಗುತ್ತದೆ. ದಿನಕ್ಕೆ 60 ಕಿ.ಮೀ. ದಾಟುವುದಿಲ್ಲ. ರಾತ್ರಿ ಬೇಕರಿ ಮುಂದೆಯೇ ಚಾರ್ಜ್. ಗಾಡಿ ಓಡಿಸುವ ಹುಡುಗ ಮೊದಲು ಬೇಡ ಅಕ್ಕ ಅಂದಿದ್ದ. ಈಗ ಕ್ಲಚ್ ತುಳಿಯುವುದಿಲ್ಲ, ಮಂಡಿ ನೋವಿಲ್ಲ ಅನ್ನುತ್ತಾನೆ.

ಕಷ್ಟವೂ ಹೇಳಬೇಕು. ಕಂಪನಿ ಹೇಳಿದ ಕಿ.ಮೀ. ಯಾವತ್ತೂ ಬಂದಿಲ್ಲ, ಮುಕ್ಕಾಲು ಭಾಗ ಬರುತ್ತದೆ. ಒಂದು ಸಲ ಸಾಫ್ಟ್‌ವೇರ್ ತೊಂದರೆಯಿಂದ ಐದು ದಿನ ವರ್ಕ್‌ಶಾಪ್‌ನಲ್ಲಿ ನಿಂತಿತು. ಬೀದಿ ಮೆಕ್ಯಾನಿಕ್ ಯಾರೂ ಮುಟ್ಟುವುದಿಲ್ಲ. ಆ ಐದು ದಿನ ಬಾಡಿಗೆ ಗಾಡಿಗೆ ಕೊಟ್ಟದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲೆಕ್ಕ_ಜಯನಗರ
ಎಲೆಕ್ಟ್ರಿಕ್‌ಗೆ ಜಿಎಸ್‌ಟಿ 5 ಪರ್ಸೆಂಟ್. ಪರ್ಮಿಟ್ ಬೇಡ, 2018ರಿಂದ ವಿನಾಯಿತಿ ಇದೆ. ಡೀಸೆಲ್, ಸಿಎನ್‌ಜಿ ಗೂಡ್ಸ್ ಗಾಡಿಗಳಿಗೂ 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18ಕ್ಕೆ ಇಳಿದಿದೆ. ಜಿಎಸ್‌ಟಿ ನೋಂದಣಿ ಇರುವವರು ಗೂಡ್ಸ್ ಗಾಡಿ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಅಂತ ಹಿಂದಕ್ಕೆ ಪಡೆಯಬಹುದು. ಬೇಕರಿ ಮೇಡಂ, ನೀವು ಪಡೆದಿದ್ದೀರಾ? ಕೇಕಿಗೆ ನೀವು ತೆರಿಗೆ ಹಾಕುತ್ತೀರಲ್ಲ.

ಬೇಕರಿ_ಬಸವೇಶ್ವರನಗರ
ನಮ್ಮ ಆಡಿಟರ್ ಹೇಳಲೇ ಇಲ್ಲ! ನಾಳೆಯೇ ಕೇಳುತ್ತೇನೆ.

ತೋಟ_ಕನಕಪುರರಸ್ತೆ
ಮಧ್ಯದಲ್ಲಿ ಬಂದದ್ದಕ್ಕೆ ಕ್ಷಮಿಸಿ. ಹಾರೋಹಳ್ಳಿ ಹತ್ತಿರ ಎರಡು ಎಕರೆ ತೋಟ ಇದೆ. ವಾರಕ್ಕೊಮ್ಮೆ ಹೋಗುತ್ತೇನೆ. ನಾಲ್ಕು ಬಾಗಿಲಿನ ಪಿಕಪ್ ತಗೊಳ್ಳೋಣ ಅಂತ ಆಸೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡೂ ನೋಡಿದೆ. ಮನೆಯವರಿಗೂ ಕೂರಬೇಕು, ಹಿಂದೆ ಗೊಬ್ಬರ, ಪೈಪು, ತೆಂಗಿನಕಾಯಿ ಹಾಕಬೇಕು. ಬಿಳಿ ಬೋರ್ಡ್ ಸಿಗುತ್ತದೆ ಅಂದರು. ಇದಕ್ಕೂ ಡಿಪಿಎಫ್ ತೊಂದರೆ ಇರುತ್ತದಾ?

ಮಂಡಿಲೋಡ್_ಯಶವಂತಪುರ
ಅದೆಲ್ಲ ಶೋಕಿ ಗಾಡಿ. ನಮ್ಮ ಬೊಲೆರೊ ಪಿಕಪ್ ಹೊರುವ ಭಾರದಲ್ಲಿ ಅರ್ಧವೂ ಹೊರುವುದಿಲ್ಲ. ಬೆಲೆ ಮಾತ್ರ ಮೂರರಷ್ಟು.

ಫೋರ್‌ಬೈಫೋರ್_ಯಲಹಂಕ
ಶೋಕಿ ಅನ್ನಬೇಡಿ ಅಣ್ಣ. ಭಾರ ಹೊರುವುದಕ್ಕೇ ಆದರೆ ನೀವು ಹೇಳಿದ್ದು ಸರಿ. ಇವರು ಕೇಳಿದ್ದು ಮನೆಯವರನ್ನೂ ಕೂರಿಸಿಕೊಂಡು ತೋಟಕ್ಕೆ ಹೋಗುವ ಗಾಡಿ. ಮಳೆಗಾಲದಲ್ಲಿ ತೋಟದ ಕೆಸರಲ್ಲಿ ನಾಲ್ಕು ಚಕ್ರವೂ ತಿರುಗಿದರೆ ಎಷ್ಟು ಅನುಕೂಲ ಅಂತ ಸಿಕ್ಕಿಹಾಕಿಕೊಂಡವರಿಗೆ ಗೊತ್ತು.

ವಿ-ಕ್ರಾಸ್ ಇಲ್ಲಿಗೆ ಬಂದದ್ದು 2016ರಲ್ಲಿ. ಈಗಿನದು 1.9 ಲೀಟರ್ ಎಂಜಿನ್, 163 ಪಿಎಸ್ ಶಕ್ತಿ. ಹೈಲಕ್ಸ್ 2022ರಲ್ಲಿ ಬಂತು, 2.8 ಲೀಟರ್, 204 ಪಿಎಸ್. ಎರಡೂ ಡೀಸೆಲ್, ಹಾಗಾಗಿ ಡಿಪಿಎಫ್ ಇದೆ. ಊರೊಳಗೆ ಮಾತ್ರ ಓಡಿಸಿದರೆ ತೊಂದರೆ ಕೊಡುತ್ತದೆ. ವಾರಕ್ಕೊಂದು ಸಲ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಗೆ ಹೋಗಿಬಂದರೆ ಸಾಕು.

ತಗೊಳ್ಳುವ ಮುಂಚೆ ಟೇಪ್ ಹಿಡಿದು ಪಾರ್ಕಿಂಗ್ ಅಳೆಯಿರಿ. ಇವೆಲ್ಲ 5.3 ಮೀಟರ್ ಆಸುಪಾಸು ಉದ್ದ. ನನ್ನ ಗಾಡಿ ಮನೆಗೆ ತಂದ ದಿನ ಬೇಸ್‌ಮೆಂಟ್ ತಿರುವಿನಲ್ಲಿ ನಾಲ್ಕು ಸಲ ಹಿಂದೆ ಮುಂದೆ ಮಾಡಿದೆ, ಮೂತಿ ಇನ್ನೂ ಹೊರಗೇ ಇತ್ತು. ಪಕ್ಕದ ಫ್ಲಾಟಿನವರ ಜೊತೆ ಅವತ್ತು ಶುರುವಾದ ಜಗಳ ಎಂಟು ತಿಂಗಳು ನಡೆಯಿತು. ಕೊನೆಗೆ ಎದುರಿನ ಖಾಲಿ ಸೈಟ್ ಬಾಡಿಗೆಗೆ ಹಿಡಿದೆ. ಇನ್ನು ಹಿಂದಿನ ಸೀಟು. ಲೀಫ್ ಸ್ಪ್ರಿಂಗ್ ಇರುವ ಯಾವ ಪಿಕಪ್ ಆದರೂ ಖಾಲಿ ಇದ್ದಾಗ ಕುಣಿಯುತ್ತದೆ. ವಯಸ್ಸಾದ ತಂದೆ ತಾಯಿ ಇದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಅವರನ್ನೇ ಹಿಂದೆ ಕೂರಿಸಿ.

ತೋಟ_ಕನಕಪುರರಸ್ತೆ
ಅಮ್ಮನಿಗೆ ಬೆನ್ನು ನೋವಿದೆ. ಭಾನುವಾರ ಅವರನ್ನೇ ಕರೆದುಕೊಂಡು ಹೋಗುತ್ತೇನೆ. ಪಾರ್ಕಿಂಗ್ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಸರ್. ತೋಟದ ತೆಂಗಿನಕಾಯಿ ಜೊತೆಗೆ ಪಕ್ಕದವರದ್ದನ್ನೂ ಬಾಡಿಗೆಗೆ ತರಬಹುದಾ?

ಲೆಕ್ಕ_ಜಯನಗರ
ನಿಮ್ಮದು ತರಬಹುದು. ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೆಯುವ ಹಾಗಿಲ್ಲ, ಅದಕ್ಕೆ ಹಳದಿ ಬೋರ್ಡೇ ಬೇಕು.

ಕ್ಯಾಬ್‌ಬಿಟ್ಟವನು_ಕೆಂಗೇರಿ
ನಾನು ಮೊದಲ ಸಲ ಪಿಕಪ್ ತಗೊಳ್ಳುತ್ತಿದ್ದೇನೆ. ನನ್ನ ಹತ್ತಿರ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದೆ. ಹಳದಿ ಬೋರ್ಡ್ ಗೂಡ್ಸ್‌ಗೆ ಬೇರೆ ಲೈಸೆನ್ಸ್ ಬೇಕು ಅಂತ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ. ನಿಜಾನಾ?

ಲೆಕ್ಕ_ಜಯನಗರ
ಬೇಡ. 7,500 ಕೆ.ಜಿ. ಒಟ್ಟು ತೂಕದವರೆಗಿನ ಸಾರಿಗೆ ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಪಿಕಪ್‌ಗಳೆಲ್ಲ ಅದರೊಳಗೇ ಬರುತ್ತವೆ. ಸುಮ್ನೆ ದುಡ್ಡು ಕೊಡಬೇಡಿ.

ಕ್ಯಾಬ್‌ಬಿಟ್ಟವನು_ಕೆಂಗೇರಿ
ಬಹಳ ಉಪಕಾರ ಆಯಿತು ಸರ್. ಮತ್ತೆ ಎಫ್‌ಸಿ ಪ್ರತಿ ವರ್ಷಾನಾ?

ಸೆಕೆಂಡ್‌ಹ್ಯಾಂಡ್_ಲಗ್ಗೆರೆ
ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ. ಆಮೇಲೆ ಪ್ರತಿ ವರ್ಷ.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ಮಾತು ಎಲ್ಲೋ ಹೋಯಿತು. ನೀರಿನ ಕ್ಯಾನ್ ಅವರೇ, ಗಾಡಿ ಏನಾಯಿತು?

ನೀರಿನಕ್ಯಾನ್_ಆರ್‌ಟಿನಗರ
ಸರ್, ಇನ್ನೊಂದು ಕಡೆ ಸ್ಕ್ಯಾನ್ ಮಾಡಿಸಿದೆ. ಮಸಿ 96 ಪರ್ಸೆಂಟ್ ತೋರಿಸಿತು. ಬದಲಿಸುವುದು ಬಿಟ್ಟು ಬೇರೆ ದಾರಿ ಇಲ್ಲವೇ?

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ತಡೆಯಿರಿ. ಡಿಪಿಎಫ್ ಡಬ್ಬದ ಎರಡೂ ತುದಿಯಿಂದ ಎರಡು ಸಣ್ಣ ಪೈಪು ಮೇಲೆ ಬಂದು ಒಂದು ಸೆನ್ಸಾರ್‌ಗೆ ಸೇರುತ್ತವೆ. ಫಿಲ್ಟರ್‌ನ ಮುಂದೆ ಎಷ್ಟು ಪ್ರೆಷರ್, ಹಿಂದೆ ಎಷ್ಟು ಅಂತ ಅಳೆಯುವ ಸೆನ್ಸಾರ್ ಅದು. ವ್ಯತ್ಯಾಸ ನೋಡಿಯೇ ಕಂಪ್ಯೂಟರ್ ಮಸಿ ಇಷ್ಟಿದೆ ಅಂತ ಲೆಕ್ಕ ಹಾಕುವುದು. ಪೈಪಿನ ರಬ್ಬರ್ ಬಿಸಿಗೆ ಒಣಗಿ ಬಿರುಕು ಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ರಬ್ಬರ್ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಎಂಜಿನ್ ತಣ್ಣಗಿರಲಿ.

ನೀರಿನಕ್ಯಾನ್_ಆರ್‌ಟಿನಗರ
ನೋಡಿದೆ ಸರ್! ಒಂದು ಪೈಪು ಕ್ಲಿಪ್ ಹತ್ತಿರ ಸೀಳಿದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ. ಬಗ್ಗಿಸಿದಾಗ ಬಾಯಿ ಬಿಟ್ಟಿತು, ಒಳಗೆಲ್ಲ ಕಪ್ಪು. ಮೂರು ಸಲ ಸರ್ವಿಸ್‌ಗೆ ಬಿಟ್ಟಾಗಲೂ ಯಾರೂ ಇದನ್ನು ಮುಟ್ಟಿ ನೋಡಿಲ್ಲ. ಬಹಳ ಬೇಜಾರಾಗುತ್ತಿದೆ.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ಬೇಜಾರು ಆಮೇಲೆ. ಜೆ.ಸಿ. ರೋಡಲ್ಲಿ ಸಿಗುತ್ತದೆ. ಬಿಸಿ ತಡೆಯುವ ಪೈಪೇ ಬೇಕು, ಮಾಮೂಲಿ ಪೆಟ್ರೋಲ್ ಪೈಪು ಹಾಕಬೇಡಿ. ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ತೊಂದರೆಯ ಕೋಡ್ ಅಳಿಸಿ ಮತ್ತೆ ಮಸಿ ನೋಡಿಸಿ. ಕಮ್ಮಿ ತೋರಿಸಿದರೆ ಮೊದಲು ಆಯಿಲ್ ಬದಲಿಸಿ, ಆಮೇಲೆ ಒಂದು ಹೈವೇ ಓಟ ಹೊಡೆಯಿರಿ. ಗಾಡಿ ಖಾಲಿ ಇರಲಿ. 60ರ ಮೇಲೆ, ಎಂಜಿನ್ 2,000 ಆರ್‌ಪಿಎಂ ದಾಟಿರಲಿ, ಇಪ್ಪತ್ತು ನಿಮಿಷ ಬಿಡಬೇಡಿ.

ಶಾಮಿಯಾನ_ನಾಗರಬಾವಿ
ಬೆಳಗ್ಗೆ ಐದರೊಳಗೆ ತುಮಕೂರು ರಸ್ತೆ ಹಿಡಿಯಿರಿ. ಗೊರಗುಂಟೆಪಾಳ್ಯದಲ್ಲಿ ಫ್ಲೈಓವರ್ ಹತ್ತಿ ನೆಲಮಂಗಲ, ಹಾಗೇ ದಾಬಸ್‌ಪೇಟೆ. ಹೊಸ ಡಿಪಿಎಫ್ ಹಾಕಿಸಿದ ಮೇಲೆ ನಾನು ಹದಿನೈದು ದಿನಕ್ಕೊಂದು ಸಲ ಇದೇ ಮಾಡುವುದು. ಟೋಲ್ ಹೋಗುತ್ತದೆ ಅಂತ ನೋಡಬೇಡಿ. ಮುಗಿದ ಮೇಲೆ ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಸೈಲೆನ್ಸರ್ ಅಷ್ಟು ಕಾದಿರುತ್ತದೆ.

ಹಳೇಗಾಡಿ_2008
ಒಂದು ತುಂಡು ರಬ್ಬರ್ ಪೈಪಿಗೆ ಪೂರ್ತಿ ಫಿಲ್ಟರ್ ಬದಲಿಸಿ ಅಂದರಾ? ಕಟ್ ಮಾಡಿಸಿ ಅಂದಿದ್ದೆ, ಆ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಆದರೆ ಸರ್ವಿಸ್ ಸೆಂಟರ್ ಬಗ್ಗೆ ಹೇಳಿದ್ದು ತಗೊಳ್ಳುವುದಿಲ್ಲ.

ಸಿಎನ್‌ಜಿ_ಬೊಮ್ಮನಹಳ್ಳಿ
ಅದು ಸರಿ. ನೀರಿನ ಕ್ಯಾನ್ ಅವರೇ, ಏನಾಯಿತು ಅಂತ ಹೇಳಿ.

ನೀರಿನಕ್ಯಾನ್_ಆರ್‌ಟಿನಗರ
ಎಲ್ಲರಿಗೂ ಹೇಳಲೇಬೇಕು. ಪೈಪು ಬದಲಿಸಿದೆ. ಕೋಡ್ ಅಳಿಸಿದ ಮೇಲೆ ಮಸಿ 70ಕ್ಕೆ ಇಳಿಯಿತು. ಇವತ್ತು ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟೆ. ನನ್ನ ಮಗನೂ ಬರುತ್ತೇನೆ ಅಂತ ಹಠ ಮಾಡಿ ಮುಂದೆ ಕೂತ. ನೆಲಮಂಗಲ ದಾಟಿದ ಮೇಲೆ ಎಂಜಿನ್ ಸದ್ದು ಸ್ವಲ್ಪ ದಪ್ಪಗಾಯಿತು, ಫ್ಯಾನ್ ಜೋರಾಗಿ ತಿರುಗುವುದಕ್ಕೆ ಶುರುವಾಯಿತು. ಕಾದ ಕಬ್ಬಿಣದ ವಾಸನೆ ಬಂತು. ಮೊದಲಾಗಿದ್ದರೆ ಹೆದರಿ ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. ನೀವು ಹೇಳಿದ್ದು ನೆನಪಿತ್ತು, ಬಿಡಲಿಲ್ಲ. ದಾಬಸ್‌ಪೇಟೆ ಹತ್ತಿರ ಲೈಟ್ ತಾನಾಗಿಯೇ ಆರಿತು. ಮಗ ಚಪ್ಪಾಳೆ ಹೊಡೆದ. ಮೂರನೇ ಗೇರ್‌ನಲ್ಲಿ ಗಾಡಿ ಹೊಸದರ ಹಾಗೆ ಎಳೆಯುತ್ತಿದೆ. ವಾಪಸ್ ಬಂದು ಸ್ಕ್ಯಾನ್ ಮಾಡಿಸಿದರೆ 18.

ಗಾಡಿ ಮಾರುವುದಿಲ್ಲ. ಕಂತು ಮುಗಿಯುವವರೆಗೆ ಇದೇ. ಕ್ಯಾನ್ 60ಕ್ಕೆ ಇಳಿಸಿದ್ದೇನೆ, ಒಂದು ಟ್ರಿಪ್ ಜಾಸ್ತಿ ಆಗುತ್ತದೆ, ಆಗಲಿ. ಕಂತು ಮುಗಿದ ಮೇಲೆ ಗಲ್ಲಿ ಲೈನ್‌ಗೆ ಒಂದು ಸಣ್ಣ ಎಲೆಕ್ಟ್ರಿಕ್ ತಗೊಂಡು ಇದನ್ನು ದೂರದ ಆರ್ಡರ್‌ಗೆ ಇಟ್ಟುಕೊಳ್ಳೋಣ ಅಂತಿದ್ದೇನೆ. ಬೇಕರಿ ಅಕ್ಕ, ಚಾರ್ಜಿಂಗ್‌ಗೆ ಬೇರೆ ಮೀಟರ್ ಹಾಕಿಸಿದ್ದೀರಾ, ಆಗ ಕೇಳುತ್ತೇನೆ.

ಬೇಕರಿ_ಬಸವೇಶ್ವರನಗರ
ಧಾರಾಳವಾಗಿ ಕೇಳಪ್ಪ. ಒಂದು ದಿನ ಬೇಕರಿಗೇ ಬಾ, ಗಾಡಿ ಓಡಿಸಿಯೇ ನೋಡು.

ಮಂಡಿಲೋಡ್_ಯಶವಂತಪುರ
ಬಹಳ ಖುಷಿಯಾಯಿತು. ಆಯಿಲ್ ಬದಲಿಸಿದಿರಾ?

ನೀರಿನಕ್ಯಾನ್_ಆರ್‌ಟಿನಗರ
ಅಯ್ಯೋ, ಅದೊಂದು ಬಿಟ್ಟುಹೋಯಿತು ಅಣ್ಣ. ಹಾಗೇ ಓಡಿಸಿದೆ. ಮುಂದಿನ ಸರ್ವಿಸ್‌ಗೆ ಇನ್ನು 4,000 ಕಿ.ಮೀ. ಇದೆ.

ಮೆಕ್ಯಾನಿಕ್_ಕಾಮಾಕ್ಷಿಪಾಳ್ಯ
ಕಾಯಬೇಡಿ. ನಾಳೆ ಲೋಡ್ ಹಾಕುವ ಮುಂಚೆಯೇ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಿಸಿ. ಆಯಿಲ್ ಡಬ್ಬದ ಮೇಲೆ ಲೋ ಆ್ಯಶ್ (ಬೂದಿ ಕಮ್ಮಿ) ಅಂತ ಇರಲಿ. ಮಸಿಯನ್ನು ಸುಡಬಹುದು, ಆಯಿಲ್‌ನಿಂದ ಬರುವ ಬೂದಿ ಫಿಲ್ಟರ್‌ನಲ್ಲೇ ಉಳಿಯುತ್ತದೆ. ಆಯಿಲ್ ನೀವೇ ತಂದರೂ ಸರಿ, ಏಳು ಗಂಟೆಗೆ ಗ್ಯಾರೇಜ್ ತೆಗೆದಿರುತ್ತೇನೆ.